ಹೆಪಟೈಟಿಸ್ ಸಿ: ಅಪ್ಪನ ರಿಪೋರ್ಟಿನಲ್ಲಿ ನೋಡಬೇಕಾದ ಅಂಕಿ ಯಾವುದು?

ಬೇಲೇಕೇರಿ ಹುಡುಗ (ಮೇ ಕೊನೆಯ ವಾರ)

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 61 ವರ್ಷ. ಹರ್ನಿಯಾ ಆಪರೇಷನ್‌ಗೆ ಅಂತ ಹೋಗಿದ್ದೆವು. ಆಪರೇಷನ್‌ಗೆ ಮುಂಚೆ ಮಾಡುವ ರಕ್ತ ಪರೀಕ್ಷೆಯಲ್ಲಿ 'ಆ್ಯಂಟಿ ಎಚ್‌ಸಿವಿ ರಿಯಾಕ್ಟಿವ್' ಅಂತ ಬಂತು, ಅಂದರೆ ಲಿವರ್‌ಗೆ ತಗುಲುವ ಹೆಪಟೈಟಿಸ್ ಸಿ ವೈರಸ್ಸಿನ ಗುರುತು ರಕ್ತದಲ್ಲಿದೆ ಅಂತ. ಆಪರೇಷನ್ ಅಲ್ಲಿಗೇ ನಿಂತಿತು. ಕೌಂಟರಿನಲ್ಲಿ ಕೂತವರು ಹತ್ತು ಜನರ ಎದುರಿಗೆ "ಇವರದ್ದು ಸಿ ಪಾಸಿಟಿವ್" ಅಂತ ಕೂಗಿ ಹೇಳಿದರು. ಅಪ್ಪ ಅವತ್ತಿನಿಂದ ಸರಿಯಾಗಿ ಮಾತೇ ಆಡುತ್ತಿಲ್ಲ.

ಆಮೇಲೆ ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನುವ ಪರೀಕ್ಷೆ) ಮಾಡಿಸಿದೆವು. ಮಿಲಿಲೀಟರಿಗೆ 8,40,000 ಯೂನಿಟ್ ಬಂದಿದೆ. ಲಿವರ್ ಕಿಣ್ವಗಳಾದ ಎಸ್‌ಜಿಒಟಿ 78, ಎಸ್‌ಜಿಪಿಟಿ 64, ಪ್ಲೇಟ್‌ಲೆಟ್ 1,18,000, ಬಿಲಿರುಬಿನ್ 1.1. ಅಪ್ಪನಿಗೆ ಕುಡಿಯುವ ಚಟ ಇಲ್ಲ. ಕಾಮಾಲೆ ಯಾವತ್ತೂ ಆಗಿಲ್ಲ. 1994ರಲ್ಲಿ ಹೆದ್ದಾರಿಯಲ್ಲಿ ಅಪಘಾತವಾಗಿ ಹುಬ್ಬಳ್ಳಿಯಲ್ಲಿ ರಕ್ತ ಹಾಕಿದ್ದರಂತೆ.

ಒಬ್ಬ ಮಾವ ಬಂದು "ಎಂಟು ಲಕ್ಷ ವೈರಸ್ ಅಂದ್ರೆ ಲಿವರ್ ಹೋದ ಹಾಗೇ" ಅಂದು ಹೋದರು. ಅಮ್ಮ ತಟ್ಟೆ, ಲೋಟ, ಚಾಪೆ ಎಲ್ಲ ಬೇರೆ ಇಟ್ಟಿದ್ದಾರೆ. ನನ್ನ ಪ್ರಶ್ನೆ ಇಷ್ಟೇ. ಈ 8,40,000 ಜಾಸ್ತಿಯಾ? ಔಷಧ ಕೆಲಸ ಮಾಡುತ್ತಿದೆ ಅಂತ ನಮಗೆ ಯಾವ ಅಂಕಿ ನೋಡಿ ಗೊತ್ತಾಗುತ್ತದೆ? ಖರ್ಚು ಎಷ್ಟಾಗಬಹುದು?

ಕುಮಟಾ ಲ್ಯಾಬಿನವ

ಮೊದಲು ಅಮ್ಮನಿಗೆ ಹೇಳಿ, ತಟ್ಟೆ ಲೋಟ ವಾಪಸ್ ಒಟ್ಟಿಗೇ ಇಡಲಿ. ಇದು ರಕ್ತದಿಂದ ರಕ್ತಕ್ಕೆ ಹೋಗುವ ವೈರಸ್. ಊಟ, ನೀರು, ಕೆಮ್ಮು, ಅಪ್ಪಿಕೊಳ್ಳುವುದು ಇವುಗಳಿಂದ ಬರುವುದಿಲ್ಲ. ಶೇವಿಂಗ್ ಬ್ಲೇಡು, ಹಲ್ಲುಜ್ಜುವ ಬ್ರಶ್ಶು, ಉಗುರು ಕತ್ತರಿ ಮಾತ್ರ ಬೇರೆ ಇರಲಿ. ಅಷ್ಟು ಸಾಕು.

8,40,000 ಅಂಕಿಗೆ ಹೆದರಬೇಡಿ. ಹೆಪಟೈಟಿಸ್ ಸಿ ಯಲ್ಲಿ ಲಕ್ಷದ ಲೆಕ್ಕ ಮಾಮೂಲಿ. ಒಬ್ಬರದ್ದು 50 ಲಕ್ಷ ಇರುತ್ತದೆ, ಲಿವರ್ ಮೆತ್ತಗೆ ಚೆನ್ನಾಗಿರುತ್ತದೆ. ಇನ್ನೊಬ್ಬರದ್ದು 60 ಸಾವಿರ ಇರುತ್ತದೆ, ಲಿವರ್ ಗಟ್ಟಿಯಾಗಿರುತ್ತದೆ. ವೈರಸ್ ಎಷ್ಟಿದೆ ಎನ್ನುವುದಕ್ಕೂ ಲಿವರ್ ಎಷ್ಟು ಹಾಳಾಗಿದೆ ಎನ್ನುವುದಕ್ಕೂ ನೇರ ಸಂಬಂಧ ಇಲ್ಲ. ಆ ಪರೀಕ್ಷೆಯಿಂದ ಸದ್ಯಕ್ಕೆ ನಿಮಗೆ ಬೇಕಾದ ಉತ್ತರ ಒಂದೇ. ವೈರಸ್ ಈಗಲೂ ಇದೆ, ಹಳೆಯ ಗುರುತು ಮಾತ್ರ ಅಲ್ಲ.

ಯಾಕೆಂದರೆ ಮೊದಲ ಪರೀಕ್ಷೆ ನೋಡಿದ್ದು ಆ್ಯಂಟಿಬಾಡಿ, ಅಂದರೆ ವೈರಸ್ ವಿರುದ್ಧ ದೇಹ ತಯಾರಿಸಿದ ಕಣ. ಅದು ರಿಯಾಕ್ಟಿವ್ ಬಂದವರೆಲ್ಲ ರೋಗಿಗಳಲ್ಲ. ವೈರಸ್ ತಗುಲಿದವರಲ್ಲಿ ಒಂದು ಪಾಲು ಜನರಿಗೆ ಮೊದಲ ಆರು ತಿಂಗಳಲ್ಲಿ ತಾನಾಗಿಯೇ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಕೊಡುವ ಲೆಕ್ಕ ಶೇಕಡಾ 15ರಿಂದ 45. ಅವರ ರಕ್ತದಲ್ಲೂ ಆ್ಯಂಟಿಬಾಡಿ ಜೀವನಪೂರ್ತಿ ಉಳಿಯುತ್ತದೆ. ಅದಕ್ಕೇ ವೈರಸ್ಸನ್ನೇ ಹುಡುಕುವ ಆರ್‌ಎನ್‌ಎ ಪರೀಕ್ಷೆ (ನೀವು ಮಾಡಿಸಿದ ವೈರಲ್ ಲೋಡ್ ಅದೇ) ಆಗದೆ ಯಾರಿಗೂ ಔಷಧ ಶುರು ಮಾಡುವುದಿಲ್ಲ.

ನಿಮ್ಮ ರಿಪೋರ್ಟಿನಲ್ಲಿ ನನಗೆ ಕಣ್ಣಿಗೆ ಬಿದ್ದದ್ದು ಬೇರೆ. ಪ್ಲೇಟ್‌ಲೆಟ್ 1,18,000. ಎಸ್‌ಜಿಪಿಟಿಗಿಂತ ಎಸ್‌ಜಿಒಟಿ ಜಾಸ್ತಿ. ಪ್ಲೇಟ್‌ಲೆಟ್ ಇಷ್ಟು ಕಡಿಮೆಯಾದರೆ ಲಿವರ್ ಗಟ್ಟಿಯಾಗಿರಬಹುದು, ಇದನ್ನು ಡಾಕ್ಟರ್ ಹತ್ತಿರ ಕೇಳಲೇಬೇಕು.

ಹಡಗಿನ ಶಾಣಭೋಗ

1994ರ ರಕ್ತ ಅಂದಿರಲ್ಲ, ಅದೇ ಇರಬಹುದು. ಈ ವೈರಸ್ಸನ್ನು ಪತ್ತೆ ಮಾಡಿದ್ದೇ 1989ರಲ್ಲಿ. ಅದಕ್ಕೂ ಮುಂಚೆ 'ಎ ಅಲ್ಲ, ಬಿ ಅಲ್ಲ' ಅಂತಲೇ ಕರೆಯುತ್ತಿದ್ದರು. ನಮ್ಮಲ್ಲಿ ಎಲ್ಲ ಬ್ಲಡ್ ಬ್ಯಾಂಕಿನಲ್ಲೂ ಸಿ ಪರೀಕ್ಷೆ ಕಡ್ಡಾಯವಾಗಿದ್ದು ಈ ಶತಮಾನದ ಶುರುವಿನಲ್ಲಿ. ಪತ್ತೆ ಮಾಡಿದ ಆಲ್ಟರ್, ಹೌಟನ್, ರೈಸ್ ಮೂವರಿಗೂ 2020ರಲ್ಲಿ ನೊಬೆಲ್ ಬಂತು. ಆಗ ಎಲ್ಲರ ಗಮನ ಕೊರೊನಾ ಮೇಲೆ, ಯಾರೂ ಅಷ್ಟು ನೋಡಲಿಲ್ಲ.

ಸೋಂದಾ ಕಡೆಯ ಗಿಡಮೂಲಿಕೆ

ಇಷ್ಟಕ್ಕೆಲ್ಲ ಇಂಗ್ಲಿಷ್ ಔಷಧ ಯಾಕೆ? ನೆಲನೆಲ್ಲಿ ಬೇರು ಸಮೇತ ಕಿತ್ತು, ಅರೆದು ಹಾಲಲ್ಲಿ ಖಾಲಿ ಹೊಟ್ಟೆಗೆ ಕೊಡಿ. ನಮ್ಮ ಕಡೆ ಕಾಮಾಲೆಗೆ ತಲೆತಲಾಂತರದಿಂದ ಕೊಡುತ್ತಾ ಬಂದಿದ್ದೇವೆ. ಜೊತೆಗೆ ಅಮೃತಬಳ್ಳಿ ಕಷಾಯ. ಪಥ್ಯ ಮಾಡಬೇಕು, ಎಣ್ಣೆ ಮುಟ್ಟಬಾರದು.

ಕುಮಟಾ ಲ್ಯಾಬಿನವ

ನೆಲನೆಲ್ಲಿಯನ್ನು ನಾನು ಹಗುರವಾಗಿ ಮಾತಾಡುವುದಿಲ್ಲ ಭಟ್ರೇ. ಅದರ ಮೇಲೆ ಮದ್ರಾಸಿನವರು ಮಾಡಿದ ಅಧ್ಯಯನ 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲೇ ಬಂದಿತ್ತು. ಬಿ ವೈರಸ್ ಕಂಡುಹಿಡಿದ ಬ್ಲೂಂಬರ್ಗ್ ಅದರಲ್ಲಿ ಪಾಲುದಾರರು. ಆದರೆ ಅದು ಬಿ ವೈರಸ್ಸಿಗೆ, ಸಿ ಗೆ ಅಲ್ಲ. ಆಮೇಲೆ ಬೇರೆಯವರು ಮಾಡಿ ನೋಡಿದಾಗ ಅದೇ ಫಲ ಸಿಗಲಿಲ್ಲ.

ಮಳೆಗಾಲದಲ್ಲಿ ನಮ್ಮ ಕಡೆ ಬರುವ ಕಾಮಾಲೆ ಹೆಚ್ಚಾಗಿ ಎ ಅಥವಾ ಇ. ನೀರಿನಿಂದ ಬರುತ್ತದೆ. ಗಂಜಿ ಕುಡಿದು ಮಲಗಿದರೂ ಹೆಚ್ಚಿನವರಿಗೆ ತಾನಾಗಿ ಹೋಗುತ್ತದೆ. ಆಗ ಯಾರು ಕೊಟ್ಟ ಬೇರಿಗೂ ಹೆಸರು ಬರುತ್ತದೆ. ಸಿ ಹಾಗಲ್ಲ. ಸದ್ದಿಲ್ಲದೆ ಇಪ್ಪತ್ತು ಮೂವತ್ತು ವರ್ಷ ಕೂತಿರುತ್ತದೆ.

ಅಮೃತಬಳ್ಳಿ ವಿಷಯದಲ್ಲಂತೂ ದಯವಿಟ್ಟು ಬೇಡ. ಕೊರೊನಾ ಕಾಲದಲ್ಲಿ ಅದನ್ನು ದಿನಾ ಕುಡಿದವರಲ್ಲಿ ಲಿವರ್‌ಗೆ ಏಟು ಬಿದ್ದ ಕೇಸುಗಳನ್ನು ಮುಂಬೈ ವೈದ್ಯರು 2021ರಲ್ಲಿ ಪ್ರಕಟಿಸಿದ್ದರು. ಆಯುಷ್ ಇಲಾಖೆ ಒಪ್ಪಲಿಲ್ಲ, ಆ ಜಗಳ ಬೇರೆ. ಆದರೆ ಮೊದಲೇ ಲಿವರ್ ಕೈಕೊಟ್ಟಿರುವವರ ಮೇಲೆ ಯಾಕೆ ಪ್ರಯೋಗ?

ಸೋಂದಾ ಕಡೆಯ ಗಿಡಮೂಲಿಕೆ

ನಮ್ಮ ಅಜ್ಜ ಕೊಟ್ಟಿದ್ದರಿಂದ ಯಾರೂ ಸತ್ತಿಲ್ಲ ಮಾರಾಯ್ರೆ.

ನಿರ್ವಾಹಕ

ಈ ವಿಷಯ ಇಲ್ಲಿಗೆ ಸಾಕು. ಗಿಡಮೂಲಿಕೆಗೆ ಬೇರೆ ಚರ್ಚೆ ಇದೆ, ಅಲ್ಲಿ ಮುಂದುವರಿಸಿ.

ಯಲ್ಲಾಪುರ ಅಕ್ಕ

ತಮ್ಮಾ, ನಾನು ಈ ರೋಗ ದಾಟಿ ಬಂದವಳು. ಅದೂ ಹಳೆಯ ಕಾಲದ ಚಿಕಿತ್ಸೆಯಿಂದ ಶುರು ಮಾಡಿ. ನೀನು ಕೇಳಿದ್ದು ಸರಿಯಾದ ಪ್ರಶ್ನೆ. ಯಾವ ಅಂಕಿ ಯಾವಾಗ ನೋಡಬೇಕು ಅಂತ ಗೊತ್ತಿಲ್ಲದೆ ನಾನು ಸುಮ್ನೆ ಎಷ್ಟೋ ನಿದ್ದೆ ಕಳೆದುಕೊಂಡೆ.

ಆಗ ಇದ್ದದ್ದು ಇಂಟರ್ಫೆರಾನ್ ಇಂಜೆಕ್ಷನ್ ಮತ್ತು ರಿಬಾವಿರಿನ್ ಮಾತ್ರೆ. ವಾರಕ್ಕೊಂದು ಸೂಜಿ ಹೊಟ್ಟೆಯ ಚರ್ಮಕ್ಕೆ. ಸೂಜಿಯನ್ನು ಫ್ರಿಜ್ಜಿನಲ್ಲೇ ಇಡಬೇಕು. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ಹೋದರೆ ಎರಡು ದಿನ ಬರುವುದಿಲ್ಲ, ಹಾಗಾಗಿ ಪೇಟೆಯ ಮೆಡಿಕಲ್ ಅಂಗಡಿಯವರ ಫ್ರಿಜ್ಜಿನಲ್ಲಿ ಇಟ್ಟು ಬರುತ್ತಿದ್ದೆ. ಸೂಜಿ ಹಾಕಿಸಿಕೊಂಡ ರಾತ್ರಿ ಚಳಿ ಜ್ವರ. ಕಂಬಳಿ ಮೇಲೆ ಕಂಬಳಿ. ಬೆಳಿಗ್ಗೆ ತಲೆ ಬಾಚಿದರೆ ಹಣಿಗೆ ತುಂಬ ಕೂದಲು. ರಿಬಾವಿರಿನ್ ರಕ್ತದ ಕೆಂಪು ಕಣಗಳನ್ನೇ ಒಡೆಯುತ್ತದೆ, ಹಿಮೋಗ್ಲೋಬಿನ್ ಇಳಿದು ಅಂಗಳ ಗುಡಿಸಲೂ ಆಗುತ್ತಿರಲಿಲ್ಲ. ಸುಮ್ಮಸುಮ್ಮನೆ ಅಳು ಬರುತ್ತಿತ್ತು. ಮನಸ್ಸು ಕುಗ್ಗುವುದು ಇಂಟರ್ಫೆರಾನಿನ ಗುಣವೇ ಅಂತ ಡಾಕ್ಟರ್ ಹೇಳುವವರೆಗೆ ಮನೆಯವರಿಗೆ ನಾನು ನಾಟಕ ಮಾಡುತ್ತೇನೆ ಅಂತಲೇ ಅನುಮಾನ.

ಅಷ್ಟು ಕಷ್ಟದ ಔಷಧವಾದ್ದರಿಂದ ಯಾರಿಗೆ ಕೆಲಸ ಮಾಡುತ್ತದೆ ಅಂತ ಮುಂಚೆಯೇ ತಿಳಿಯಬೇಕಿತ್ತು. ಅದಕ್ಕೇ ಅಷ್ಟು ಲೆಕ್ಕ. ವೈರಸ್ಸಿನ ತಳಿ ಯಾವುದು ಅಂತ ನೋಡುತ್ತಿದ್ದರು. ಒಂದನೇ ತಳಿಯಾದರೆ 48 ವಾರ ಸೂಜಿ, ಅಷ್ಟಾದರೂ ಅರ್ಧದಷ್ಟು ಜನರಿಗೆ ಗುಣ. ಎರಡು, ಮೂರನೇ ತಳಿಗೆ 24 ವಾರ, ಹತ್ತರಲ್ಲಿ ಏಳೆಂಟು ಜನರಿಗೆ ಗುಣ. ನನ್ನದು ಮೂರು. ಭಾರತದಲ್ಲಿ ಹೆಚ್ಚು ಕಾಣುವುದು ಅದೇ.

4ನೇ ವಾರಕ್ಕೆ ಒಂದು ಪರೀಕ್ಷೆ. ಆಗಲೇ ವೈರಸ್ ಕಾಣದಿದ್ದರೆ ಅದಕ್ಕೆ ಬೇಗನೆ ಸ್ಪಂದನೆ ಅಂತ ಹೆಸರು, ಅಂಥವರಲ್ಲಿ ಬಹುಪಾಲು ಜನ ಗೆಲ್ಲುತ್ತಿದ್ದರು. 12ನೇ ವಾರಕ್ಕೆ ಇನ್ನೊಂದು. ಮೊದಲಿದ್ದದ್ದರ ನೂರನೇ ಒಂದು ಪಾಲಿಗಾದರೂ ಇಳಿದಿರಬೇಕು. ಇಳಿಯದಿದ್ದರೆ ಮುಂದೆ ಗುಣವಾಗುವುದು ತೀರಾ ಅಪರೂಪ, ಸೂಜಿ ನಿಲ್ಲಿಸಿಬಿಡುತ್ತಿದ್ದರು. 2009ರಲ್ಲಿ ಇನ್ನೊಂದು ಗೊತ್ತಾಯಿತು. ನಮ್ಮ ದೇಹದಲ್ಲೇ ಐಎಲ್28ಬಿ ಅಂತ ಒಂದು ಜೀನ್ ಹತ್ತಿರದ ಸಣ್ಣ ವ್ಯತ್ಯಾಸ ಇಂಟರ್ಫೆರಾನ್ ಯಾರಿಗೆ ಹಿಡಿಸುತ್ತದೆ ಅಂತ ಹೇಳುತ್ತದಂತೆ. ನನ್ನ ಸೂಜಿ ಅಷ್ಟೊತ್ತಿಗೆ ಮುಗಿದಿತ್ತು.

ಈಗ ಮುಖ್ಯ ವಿಷಯ ಕೇಳು. ನನಗೆ 4ನೇ ವಾರವೂ ಚೆನ್ನಾಗಿತ್ತು, 12ನೇ ವಾರವೂ ಚೆನ್ನಾಗಿತ್ತು, ಕೊನೆಯ ಸೂಜಿಯ ದಿನ ವೈರಸ್ ಇಲ್ಲ. ಎಸ್‌ಜಿಪಿಟಿ ನಾರ್ಮಲ್. ಮನೆಯಲ್ಲಿ ಪಾಯಸ ಮಾಡಿದರು. ಆರು ತಿಂಗಳಿಗೆ ಮತ್ತೆ ನೋಡಿದರೆ ವೈರಸ್ ವಾಪಸ್ ಬಂದಿತ್ತು.

ಬೇಲೇಕೇರಿ ಹುಡುಗ

ಅಕ್ಕಾ, ಓದಿ ಮೈ ಜುಂ ಅಂತು. ಅಪ್ಪನಿಗೂ ಅದೇ ಸೂಜಿಯಾ?

ಯಲ್ಲಾಪುರ ಅಕ್ಕ

ಅಲ್ಲ, ಅಲ್ಲ. ಆ ಕಾಲ ಹೋಯಿತು. ಈಗ ದಿನಕ್ಕೊಂದು ಸಲ ನುಂಗುವ ಮಾತ್ರೆ, ಹೆಚ್ಚಿನವರಿಗೆ 12 ವಾರ. ನಾನೂ ಕೊನೆಗೆ ಗುಣವಾಗಿದ್ದು ಅದರಿಂದಲೇ. ಸ್ವಲ್ಪ ತಲೆನೋವು, ಸ್ವಲ್ಪ ಸುಸ್ತು, ಬೇರೆ ಏನಿಲ್ಲ. ಕೆಲಸಕ್ಕೂ ಹೋಗುತ್ತಿದ್ದೆ.

ಕಾರವಾರ ಸಿಸ್ಟರ್

ನಾನು ಸ್ಟಾಫ್ ನರ್ಸ್. ಡಾಕ್ಟರ್ ಅಲ್ಲ, ಹಾಗಾಗಿ ಇದನ್ನು ಚೀಟಿ ಅಂತ ತಿಳಿಯಬೇಡಿ.

ಖರ್ಚಿನ ಬಗ್ಗೆ ಮೊದಲು ಹೇಳುತ್ತೇನೆ. ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಅಂತ 2018ರ ಜುಲೈ 28ರಂದು ಶುರುವಾಯಿತು. ಅದರಲ್ಲಿ ಸಿ ಗೆ ಪರೀಕ್ಷೆ, ಔಷಧ ಎರಡೂ ಉಚಿತ. ಬಡವರಿಗೆ ಮಾತ್ರ ಅಂತ ಏನಿಲ್ಲ. ಜಿಲ್ಲಾ ಮಟ್ಟದ ಚಿಕಿತ್ಸಾ ಕೇಂದ್ರದಲ್ಲಿ ಸರಳ ಕೇಸು ನೋಡುತ್ತಾರೆ, ತೊಡಕಿನದ್ದನ್ನು ದೊಡ್ಡ ಮೆಡಿಕಲ್ ಕಾಲೇಜಿನ ಮಾದರಿ ಕೇಂದ್ರಕ್ಕೆ ಕಳಿಸುತ್ತಾರೆ. ಜಿಲ್ಲಾ ಆಸ್ಪತ್ರೆಗೆ ಹೋಗಿ 'ಹೆಪಟೈಟಿಸ್ ಕಾರ್ಯಕ್ರಮದ ವಿಭಾಗ ಎಲ್ಲಿ' ಅಂತ ಕೇಳಿ. ಸುಮ್ನೆ 'ಲಿವರ್ ಡಾಕ್ಟರ್ ಎಲ್ಲಿ' ಅಂದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾಕ್ಕೋ ದಾರಿ ತೋರಿಸುತ್ತಾರೆ, ನಮ್ಮ ಜಿಲ್ಲೆಯ ಹಣೆಬರಹ ಗೊತ್ತಲ್ವಾ.

ಔಷಧದ ಹೆಸರು ಸೊಫೊಸ್ಬುವಿರ್. ಅದರ ಜೊತೆ ಡಕ್ಲಾಟಾಸ್ವಿರ್ ಅಥವಾ ವೆಲ್‌ಪಟಾಸ್ವಿರ್. ಎಲ್ಲ ತಳಿಗೂ ಆಗುತ್ತದೆ, ಹಾಗಾಗಿ ಮೊದಲ ಸಲಕ್ಕೆ ತಳಿ ಪರೀಕ್ಷೆಗೆ ದುಡ್ಡು ಹಾಕುವ ಅಗತ್ಯ ಇಲ್ಲ. ಆದರೆ ಯಾವ ಜೋಡಿ ಕೊಡಬೇಕು ಅಂತ ನಿರ್ಧರಿಸುವುದು ಲಿವರ್ ಗಟ್ಟಿಯಾಗಿದೆಯೋ ಇಲ್ಲವೋ ಎನ್ನುವುದರ ಮೇಲೆ. ಕಾರ್ಯಕ್ರಮದಲ್ಲಿ ಸಿರೋಸಿಸ್ (ಗಾಯದ ಕಲೆ ತುಂಬಿ ಲಿವರ್ ಗಟ್ಟಿಯಾಗಿಹೋಗುವುದು) ಇಲ್ಲದವರಿಗೆ ಸೊಫೊಸ್ಬುವಿರ್, ಡಕ್ಲಾಟಾಸ್ವಿರ್. ಸಿರೋಸಿಸ್ ಇದ್ದವರಿಗೆ ಸೊಫೊಸ್ಬುವಿರ್, ವೆಲ್‌ಪಟಾಸ್ವಿರ್. ಹೊಟ್ಟೆಯಲ್ಲಿ ನೀರು ತುಂಬಿ, ಲಿವರ್ ಸೋತಿದ್ದರೆ ಅದಕ್ಕೆ ರಿಬಾವಿರಿನ್ ಸೇರಿಸುತ್ತಾರೆ, ಇಲ್ಲವೇ 24 ವಾರ ಕೊಡುತ್ತಾರೆ.

ಈ ವಿಂಗಡಣೆ ಯಾಕೆ ಅಂದರೆ ಮೂರನೇ ತಳಿ ಇದ್ದು ಸಿರೋಸಿಸ್ ಇಲ್ಲದವರಿಗೆ ಡಕ್ಲಾಟಾಸ್ವಿರ್ ಜೋಡಿಯನ್ನು 12 ವಾರ ಕೊಟ್ಟ ಅಧ್ಯಯನದಲ್ಲಿ ಶೇಕಡಾ 96 ಜನ ಗುಣವಾದರು. ಸಿರೋಸಿಸ್ ಇದ್ದವರಲ್ಲಿ 63 ಮಾತ್ರ. ವೆಲ್‌ಪಟಾಸ್ವಿರ್ ಜೋಡಿಯಲ್ಲಿ ಸಿರೋಸಿಸ್ ಇದ್ದವರೂ ಶೇಕಡಾ 91 ಗುಣವಾದರು. ವೈರಲ್ ಲೋಡ್ ಹತ್ತು ಸಲ ಮಾಡಿಸುವುದಕ್ಕಿಂತ ಲಿವರ್ ಎಷ್ಟು ಗಟ್ಟಿ ಅಂತ ಒಂದು ಸಲ ಸರಿಯಾಗಿ ನೋಡುವುದು ಮುಖ್ಯ.

ಕುಮಟಾ ಲ್ಯಾಬಿನವ

ಸಿಸ್ಟರ್ ಹೇಳಿದ್ದಕ್ಕೆ ಲೆಕ್ಕ ಸೇರಿಸುತ್ತೇನೆ. ಫಿಬ್-4 ಅಂತ ಒಂದು ಸೂತ್ರ ಇದೆ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಪ್ಲೇಟ್‌ಲೆಟ್ಟನ್ನು (ಸಾವಿರದ ಲೆಕ್ಕದಲ್ಲಿ) ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ.

ನಿಮ್ಮ ಅಪ್ಪನದ್ದು: 61 × 78 = 4758. 64ರ ವರ್ಗಮೂಲ 8, 118 × 8 = 944. ಭಾಗಿಸಿದರೆ 5.04.

1.45ಕ್ಕಿಂತ ಕಡಿಮೆ ಇದ್ದರೆ ಲಿವರ್ ಜಾಸ್ತಿ ಗಟ್ಟಿಯಾಗಿರುವ ಸಾಧ್ಯತೆ ಕಡಿಮೆ. 3.25 ದಾಟಿದರೆ ಸಾಧ್ಯತೆ ಜಾಸ್ತಿ. ಎಪ್ರಿ ಅಂತ ಇನ್ನೊಂದು ಲೆಕ್ಕ ಇದೆ, ಎಸ್‌ಜಿಒಟಿ ಮಿತಿ 40 ಅಂತ ಹಿಡಿದರೆ ಅದು 1.65 ಬರುತ್ತದೆ. ಅಲ್ಲಿ ಸಿರೋಸಿಸ್ ಅನ್ನಲು 2 ದಾಟಬೇಕು. ಅಂದರೆ ಒಂದು ಲೆಕ್ಕ ಹೌದು ಅನ್ನುತ್ತಿದೆ, ಇನ್ನೊಂದು ಬಾಗಿಲಲ್ಲೇ ನಿಂತಿದೆ. ಲಿವರ್ ಎಷ್ಟು ಗಟ್ಟಿ ಅಂತ ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸಿ. ಹೊಟ್ಟೆಯ ಬಲಗಡೆ ಪಕ್ಕೆಲುಬಿನ ಸಂದಿಗೆ ಜೆಲ್ ಹಚ್ಚಿ, ಸಣ್ಣ ಯಂತ್ರದಿಂದ ಟಕ್ ಟಕ್ ಅಂತ ತಟ್ಟುತ್ತಾರೆ. ನೋವಿಲ್ಲ. ಮೂರು ಗಂಟೆ ಏನೂ ತಿಂದಿರಬಾರದು.

ವಯಸ್ಸಾದವರಲ್ಲಿ ಫಿಬ್-4 ಸ್ವಲ್ಪ ಏರಿಸಿಯೇ ತೋರಿಸುತ್ತದೆ ಅನ್ನುವುದೂ ನೆನಪಿರಲಿ, ವಯಸ್ಸು ಸೂತ್ರದಲ್ಲೇ ಇದೆಯಲ್ಲ. ಆದರೆ ಪ್ಲೇಟ್‌ಲೆಟ್ ಇಳಿದಿರುವುದನ್ನು ವಯಸ್ಸಿನ ತಲೆಗೆ ಕಟ್ಟಲಾಗುವುದಿಲ್ಲ.

ಹಡಗಿನ ಶಾಣಭೋಗ

ಉಚಿತ ಅಂತ ಸಿಸ್ಟರ್ ಸಲೀಸಾಗಿ ಹೇಳಿಬಿಟ್ಟರು. ಈ ಸೊಫೊಸ್ಬುವಿರ್ 2013ರ ಕೊನೆಗೆ ಅಮೆರಿಕದಲ್ಲಿ ಬಂದಾಗ ಒಂದು ಮಾತ್ರೆಗೆ 1,000 ಡಾಲರ್. 12 ವಾರಕ್ಕೆ 84,000 ಡಾಲರ್. ಅಲ್ಲಿನವರೇ ಬೊಬ್ಬೆ ಹೊಡೆದರು. 2014ರಲ್ಲಿ ಗಿಲಿಯಡ್ ಕಂಪನಿ ಭಾರತದ ಔಷಧ ಕಂಪನಿಗಳಿಗೆ ತಯಾರಿಸಲು ಪರವಾನಗಿ ಕೊಟ್ಟಿತು, ಇಲ್ಲಿ ಬೆಲೆ ಬಿದ್ದುಹೋಯಿತು. 2016ರಲ್ಲಿ ಪಂಜಾಬ್ ಸರ್ಕಾರ ಉಚಿತವಾಗಿ ಕೊಡಲು ಶುರು ಮಾಡಿತು, ಆಮೇಲೆ ದೇಶಕ್ಕೆಲ್ಲ ಬಂತು.

ಈಜಿಪ್ಟ್ ಇನ್ನೂ ದೊಡ್ಡ ಕಥೆ. ಅಲ್ಲಿ ಹಳೆಯ ಕಾಲದಲ್ಲಿ ಒಂದು ಹುಳದ ರೋಗಕ್ಕೆ ಸರ್ಕಾರವೇ ಸೂಜಿ ಹಾಕಿಸಿತ್ತು. ಅದೇ ಸೂಜಿಯನ್ನು ಮತ್ತೆ ಮತ್ತೆ ಬಳಸಿ ಸಿ ವೈರಸ್ ಊರೂರಿಗೆ ಹರಡಿತು. ಕೊನೆಗೆ 2018, 19ರಲ್ಲಿ ಕೋಟಿಗಟ್ಟಲೆ ಜನರನ್ನು ಪರೀಕ್ಷಿಸಿ ಮಾತ್ರೆ ಕೊಟ್ಟರು. ನಮ್ಮಲ್ಲೂ ಸುಸ್ತು ಅಂದ ಕೂಡಲೇ ಗ್ಲೂಕೋಸ್ ಹಾಕಿಸುವ, ಸೂಜಿ ಚುಚ್ಚಿಸದಿದ್ದರೆ ಡಾಕ್ಟರೇ ಅಲ್ಲ ಅನ್ನುವ ಜನ ಇದ್ದಾರೆ. ಹೊಸ ಸಿರಿಂಜ್ ಪ್ಯಾಕೆಟ್ ನಿಮ್ಮೆದುರೇ ಒಡೆಯಲಿ.

ಬೇಲೇಕೇರಿ ಹುಡುಗ (ಜೂನ್ ಮೊದಲ ವಾರ)

ಫೈಬ್ರೋಸ್ಕ್ಯಾನ್ ಆಯಿತು. 17.2 ಕಿಲೋಪಾಸ್ಕಲ್. 12.5 ದಾಟಿದರೆ ಸಿರೋಸಿಸ್ ಅಂತ ಲೆಕ್ಕವಂತೆ. ಹೊಟ್ಟೆಯಲ್ಲಿ ನೀರಿಲ್ಲ, ಅಲ್ಬುಮಿನ್ (ಲಿವರ್ ತಯಾರಿಸುವ ಪ್ರೋಟೀನ್) ಸರಿ ಇದೆ, ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ಲೆಕ್ಕ) ಸರಿ ಇದೆ. 'ಸಿರೋಸಿಸ್ ಇದೆ, ಆದರೆ ಲಿವರ್ ಕೆಲಸ ನಡೆಸಿಕೊಂಡು ಹೋಗುತ್ತಿದೆ' ಅಂತ ಡಾಕ್ಟರ್ ಹೇಳಿದರು. ಸೊಫೊಸ್ಬುವಿರ್ 400, ವೆಲ್‌ಪಟಾಸ್ವಿರ್ 100 ಸೇರಿದ ಒಂದೇ ಮಾತ್ರೆ. 28ರ ಡಬ್ಬಿ ಒಂದು ಕೊಟ್ಟಿದ್ದಾರೆ. ಬಿ ವೈರಸ್ ಮತ್ತು ಎಚ್‌ಐವಿ ಪರೀಕ್ಷೆಯನ್ನೂ ಮಾಡಿದರು. ಅದು ಯಾಕೆ ಅಂತ ಅಪ್ಪನಿಗೆ ಬೇಜಾರು.

ಕಾರವಾರ ಸಿಸ್ಟರ್

ಬೇಜಾರು ಬೇಡ ಅಂತ ಹೇಳಿ, ಎಲ್ಲರಿಗೂ ಮಾಡುತ್ತಾರೆ. ಬಿ ವೈರಸ್ ಕೂಡ ಒಳಗೆ ಇದ್ದರೆ, ಸಿ ಹೋದ ಕೂಡಲೇ ಅದು ತಲೆ ಎತ್ತಬಹುದು. ಕೆಲವರಲ್ಲಿ ಲಿವರ್ ಪೂರ್ತಿ ಕೈಕೊಟ್ಟ ಉದಾಹರಣೆ ಇದೆ. ಅಮೆರಿಕದ ಔಷಧ ಇಲಾಖೆ 2016ರಲ್ಲಿ ಈ ಮಾತ್ರೆಗಳ ಮೇಲೆ ದೊಡ್ಡ ಎಚ್ಚರಿಕೆಯನ್ನೇ ಹಾಕಿಸಿತು.

ಅಪ್ಪ ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ? ಎಲ್ಲವನ್ನೂ ಹೇಳಿ. ಅಂಗಡಿಯಿಂದ ಕೇಳಿ ತಂದದ್ದೂ ಸೇರಿ.

ಬೇಲೇಕೇರಿ ಹುಡುಗ

ಸಕ್ಕರೆಗೆ ಗ್ಲಿಮೆಪಿರೈಡ್ ಇರುವ ಮಾತ್ರೆ. ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಗೆ ಒಂದು ಗ್ಯಾಸ್ ಮಾತ್ರೆ. ಅದು ಯಾರೂ ಬರೆದುಕೊಟ್ಟಿದ್ದಲ್ಲ, ಅಭ್ಯಾಸ ಆಗಿಹೋಗಿದೆ.

ಕಾರವಾರ ಸಿಸ್ಟರ್

ನಾನು ಹುಡುಕುತ್ತಿದ್ದದ್ದು ಅದೇ! ಆ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಜಾತಿಯ ಮಾತ್ರೆ ಹೊಟ್ಟೆಯ ಹುಳಿ ಇಳಿಸುತ್ತದೆ. ವೆಲ್‌ಪಟಾಸ್ವಿರ್ ಕರಗಿ ರಕ್ತಕ್ಕೆ ಸೇರಲು ಆ ಹುಳಿಯೇ ಬೇಕು. ದಿನಾ ಗ್ಯಾಸ್ ಮಾತ್ರೆ ನುಂಗಿ ಇದನ್ನೂ ನುಂಗಿದರೆ ಔಷಧ ಅರ್ಧ ದಾರಿಯಲ್ಲೇ ಉಳಿಯುತ್ತದೆ. ನಿಜಕ್ಕೂ ಬೇಕೇಬೇಕು ಅಂತಾದರೆ ಯಾವ ಹೊತ್ತಿಗೆ, ಎಷ್ಟು ಅಂತರ ಬಿಟ್ಟು ಅಂತ ಡಾಕ್ಟರೇ ಹೇಳಲಿ. ಹುಳಿತೇಗಿಗೆ ಕುಡಿಯುವ ಆ ಗುಲಾಬಿ ಬಣ್ಣದ ಔಷಧಕ್ಕೂ ನಾಲ್ಕು ಗಂಟೆ ಅಂತರ ಇರಬೇಕು.

ಸಕ್ಕರೆಯನ್ನೂ ನೋಡುತ್ತಿರಿ. ವೈರಸ್ ಇಳಿಯುತ್ತಿದ್ದಂತೆ ಕೆಲವರಲ್ಲಿ ಸಕ್ಕರೆ ತಾನಾಗಿ ಹತೋಟಿಗೆ ಬರುತ್ತದೆ. ಮೊದಲಿನಷ್ಟೇ ಮಾತ್ರೆ ನುಂಗಿದರೆ ಸಕ್ಕರೆ ತೀರಾ ಇಳಿದು ಬೆವತು ಬೀಳಬಹುದು.

ಬೇರೆ ಓದುವವರಿಗೂ ಹೇಳುತ್ತೇನೆ. ಹೃದಯದ ಬಡಿತಕ್ಕೆ ಅಮಿಯೋಡರೋನ್ ತೆಗೆದುಕೊಳ್ಳುವವರು, ಫಿಟ್ಸ್‌ಗೆ ಫೆನಿಟಾಯಿನ್ ಅಥವಾ ಕಾರ್ಬಮಜೆಪೈನ್ ನುಂಗುವವರು, ಟಿಬಿಗೆ ರಿಫಾಂಪಿಸಿನ್ ನಡೆಯುತ್ತಿರುವವರು ಮೊದಲೇ ಬಾಯಿ ಬಿಟ್ಟು ಹೇಳಬೇಕು. ಅಮಿಯೋಡರೋನ್ ಜೊತೆಗೆ ಸೊಫೊಸ್ಬುವಿರ್ ಸೇರಿದರೆ ನಾಡಿ ಬಡಿತ ಅಪಾಯ ಆಗುವಷ್ಟು ಇಳಿದದ್ದಿದೆ.

ಹೊನ್ನಾವರದ ಗೃಹಿಣಿ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಮನೆಯವರಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಅವರಿಗೂ ಈಗ ಸಿ ಬಂದಿದೆ. ಕಿಡ್ನಿ ಇಲ್ಲದವರಿಗೆ ಈ ಮಾತ್ರೆ ಆಗುವುದಿಲ್ಲ ಅಂತ ಒಬ್ಬರು ಹೇಳಿದರು. ಹೌದಾ?

ಕಾರವಾರ ಸಿಸ್ಟರ್

ಹಿಂದೆ ಹಾಗೆ ಹೇಳುತ್ತಿದ್ದರು ಅಕ್ಕಾ. ಸೊಫೊಸ್ಬುವಿರ್ ದೇಹದಿಂದ ಹೊರಹೋಗುವುದು ಕಿಡ್ನಿ ಮೂಲಕ, ಅದಕ್ಕೆ ಭಯ ಇತ್ತು. 2019ರಿಂದ ಡಯಾಲಿಸಿಸ್‌ನವರಿಗೂ ಕೊಡಬಹುದು ಅಂತ ಔಷಧದ ಜೊತೆ ಬರುವ ಮಾಹಿತಿ ಚೀಟಿಯಲ್ಲೇ ಬದಲಾಗಿದೆ. ಇದು ಮಾದರಿ ಕೇಂದ್ರದ ಡಾಕ್ಟರ್ ನೋಡುವ ಕೇಸು, ಅಲ್ಲಿಗೆ ಕಳಿಸಿಕೊಡಿ ಅಂತ ಕೇಳಿ. ಅಷ್ಟರವರೆಗೆ ಡಯಾಲಿಸಿಸ್ ತಪ್ಪಿಸಬೇಡಿ.

ಬೇಲೇಕೇರಿ ಹುಡುಗ (ಜುಲೈ)

ಎರಡನೇ ಡಬ್ಬಿ ಶುರುವಾಗಿದೆ. ಗ್ಯಾಸ್ ಮಾತ್ರೆ ಬಿಟ್ಟರು, ಅಮ್ಮ ಬೆಳಿಗ್ಗೆ ಕುಚಲಕ್ಕಿ ಗಂಜಿ ಕೊಟ್ಟು ಮಾತ್ರೆ ಕೊಡುತ್ತಾರೆ. ಎಸ್‌ಜಿಪಿಟಿ 64ರಿಂದ 27ಕ್ಕೆ ಬಂತು! ಈಗಲೇ ಒಂದು ವೈರಲ್ ಲೋಡ್ ಮಾಡಿಸಿಬಿಡೋಣ ಅಂತ ಅಪ್ಪ. ಖಾಸಗಿ ಲ್ಯಾಬಿನಲ್ಲಾದರೂ ಸರಿಯಂತೆ.

ಕುಮಟಾ ಲ್ಯಾಬಿನವ

ಲ್ಯಾಬಿನವನಾಗಿ ಹೇಳಬಾರದು, ಆದರೂ ಹೇಳುತ್ತೇನೆ: ದುಡ್ಡು ಉಳಿಸಿ. ಅಕ್ಕ ಹೇಳಿದ 4ನೇ ವಾರ, 12ನೇ ವಾರದ ಲೆಕ್ಕ ಇಂಟರ್ಫೆರಾನ್ ಕಾಲದ್ದು. ಹೊಸ ಮಾತ್ರೆಯಲ್ಲಿ ನಾಲ್ಕೇ ವಾರಕ್ಕೆ ಹೆಚ್ಚಿನವರಲ್ಲಿ ವೈರಸ್ ಕಾಣುವುದಿಲ್ಲ, ಅವರಲ್ಲಿ ಕೆಲವರಿಗೆ ಆಮೇಲೆ ವಾಪಸ್ ಬರುತ್ತದೆ. ಇನ್ನು ಕೆಲವರಲ್ಲಿ ಕೊನೆಯ ಮಾತ್ರೆಯ ದಿನವೂ ಸ್ವಲ್ಪ ಕಾಣುತ್ತದೆ, ಆಮೇಲೆ ಪೂರ್ತಿ ಹೋಗುತ್ತದೆ. ಅಂದರೆ ಮಧ್ಯದ ಅಂಕಿ ನೋಡಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ.

ಎಸ್‌ಜಿಪಿಟಿ ಇಳಿದದ್ದು ಒಳ್ಳೆಯದೇ, ಲಿವರ್ ಉರಿ ತಣಿಯುತ್ತಿದೆ. ಆದರೆ ಎಸ್‌ಜಿಪಿಟಿ ನಾರ್ಮಲ್ ಇದ್ದೂ ವೈರಸ್ ಇರುವವರು ಎಷ್ಟೋ ಜನ. ಗುಣವಾಯಿತು ಅನ್ನಲು ಇರುವ ಗುರುತು ಒಂದೇ: ಕೊನೆಯ ಮಾತ್ರೆ ನುಂಗಿ 12 ವಾರ ಕಳೆದ ಮೇಲೆ ಮಾಡಿದ ಆರ್‌ಎನ್‌ಎ ಪರೀಕ್ಷೆಯಲ್ಲಿ ವೈರಸ್ ಕಾಣಬಾರದು. ಹಿಂದೆ 24 ವಾರ ಕಾಯುತ್ತಿದ್ದರು. 12ರಲ್ಲಿ ಇಲ್ಲದವರಿಗೆ 24ರಲ್ಲೂ ಇರುವುದಿಲ್ಲ ಅಂತ ಖಚಿತವಾದ ಮೇಲೆ 12 ಸಾಕು ಅಂದರು.

ರಿಪೋರ್ಟಿನಲ್ಲಿ 'ನಾಟ್ ಡಿಟೆಕ್ಟೆಡ್' ಬೇರೆ, '15ಕ್ಕಿಂತ ಕಡಿಮೆ, ಡಿಟೆಕ್ಟೆಡ್' ಬೇರೆ. ಎರಡನೆಯದು ಅಂದರೆ ವೈರಸ್ ಇದೆ, ಆದರೆ ಎಣಿಸುವಷ್ಟಿಲ್ಲ. ಹಾಗೆ ಬಂದರೆ ಮತ್ತೆ ಮಾಡಬೇಕಾಗುತ್ತದೆ.

ಯಲ್ಲಾಪುರ ಅಕ್ಕ

ಮೂರನೇ ಡಬ್ಬಿಯನ್ನು ನಾಲ್ಕು ದಿನ ಮುಂಚೆಯೇ ತಂದಿಟ್ಟುಕೋ ತಮ್ಮಾ. ಈ ಮಳೆಯಲ್ಲಿ ಹೆದ್ದಾರಿ ಯಾವಾಗ ಗುಡ್ಡ ಕುಸಿದು ಬಂದ್ ಆಗುತ್ತದೋ ಹೇಳಲಾಗುವುದಿಲ್ಲ. ಈ ಔಷಧಕ್ಕೆ ಮಧ್ಯೆ ಬಿಡುವು ಕೊಡಬಾರದು.

ಮತ್ತೆ ಒಂದು ಮಾತು. ವೈರಸ್ ಹೋದರೂ ಸಿರೋಸಿಸ್ ಅಲ್ಲೇ ಇರುತ್ತದೆ. ಅಡಿಕೆಗೆ ಕೊಳೆ ಬಂದಾಗ ಬೋರ್ಡೋ ದ್ರಾವಣ ಹೊಡೆದರೆ ರೋಗ ನಿಲ್ಲುತ್ತದೆ, ಉದುರಿದ ಕಾಯಿ ಮರ ಹತ್ತುವುದಿಲ್ಲ.

ಕುಮಟಾ ಲ್ಯಾಬಿನವ

ಅಷ್ಟು ನಿರಾಸೆಯೂ ಬೇಡ ಅಕ್ಕಾ. ವೈರಸ್ ಹೋದ ಮೇಲೆ ವರ್ಷಗಟ್ಟಲೆಯಲ್ಲಿ ಲಿವರ್ ಸ್ವಲ್ಪ ಮೆತ್ತಗಾಗುತ್ತದೆ. ಕೆಲವರಲ್ಲಿ ಚೆನ್ನಾಗಿಯೇ ಮೆತ್ತಗಾಗುತ್ತದೆ. ಆದರೆ ಕ್ಯಾನ್ಸರ್ ಅಪಾಯ ಕಡಿಮೆಯಾಗುತ್ತದೆ, ಸೊನ್ನೆಯಾಗುವುದಿಲ್ಲ. ಸಿರೋಸಿಸ್ ಆದವರು ಆರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸುತ್ತಲೇ ಇರಬೇಕು.

ಭಟ್ಕಳ ಟು ದುಬೈ

ನನ್ನದೊಂದು ತಕರಾರು ಇದೆ. ನಾನು ಎರಡು ವರ್ಷದ ಹಿಂದೆ ಇದೇ ಮಾತ್ರೆ ತಗೊಂಡು ಗುಣವಾದವನು. 12 ವಾರದ ರಿಪೋರ್ಟ್ 'ನಾಟ್ ಡಿಟೆಕ್ಟೆಡ್'. ಮತ್ತೆ ಗಲ್ಫಿಗೆ ಹೋಗಲು ಮೆಡಿಕಲ್ ಮಾಡಿಸಿದರೆ 'ಎಚ್‌ಸಿವಿ ಪಾಸಿಟಿವ್, ಅನ್‌ಫಿಟ್' ಅಂತ ಹೊಡೆದುಬಿಟ್ಟರು. ಅವರು ನೋಡುವುದು ಆ್ಯಂಟಿಬಾಡಿ. ಅದು ಸಾಯುವವರೆಗೂ ಇರುತ್ತದೆ ಅಂತ ನೀವೇ ಹೇಳಿದಿರಿ. ಹಾಗಾದರೆ ಗುಣವಾಗಿ ಏನು ಬಂತು? ವೀಸಾ ಕೈಯಲ್ಲಿತ್ತು, ಕೆಲಸ ಹೋಯಿತು. ಆರ್‌ಎನ್‌ಎ ರಿಪೋರ್ಟ್ ಟೇಬಲ್ ಮೇಲೆ ಇಟ್ಟರೂ ಆ ಮನುಷ್ಯ ತಲೆ ಎತ್ತಿ ನೋಡಲಿಲ್ಲ.

ಹಡಗಿನ ಶಾಣಭೋಗ

ನಿಮ್ಮ ಸಿಟ್ಟು ನ್ಯಾಯದ್ದೇ. ವೈರಸ್ ಇಲ್ಲದವನನ್ನು ರೋಗಿ ಅನ್ನುವುದು ವಿಜ್ಞಾನವಲ್ಲ, ಹಳೆಯ ನಿಯಮದ ಪುಸ್ತಕ. ಹಡಗಿನ ಕೆಲಸದ ಮೆಡಿಕಲ್‌ನಲ್ಲೂ ಇಂಥದ್ದು ಕಂಡಿದ್ದೇನೆ. ಅಲ್ಲಿ ಕೆಲವು ಡಾಕ್ಟರುಗಳು ಆರ್‌ಎನ್‌ಎ ನೋಡಿ ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ.

ಕಾರವಾರ ಸಿಸ್ಟರ್

ಚಿಕಿತ್ಸಾ ಕೇಂದ್ರದಿಂದ ಪೂರ್ಣ ಗುಣವಾದ ಪತ್ರ ಬರೆಸಿಕೊಳ್ಳಿ. ಔಷಧದ ಹೆಸರು, ಮುಗಿದ ತಾರೀಖು, 12 ವಾರದ ಫಲಿತಾಂಶ ಎಲ್ಲ ಅದರಲ್ಲಿರಲಿ. ಗಲ್ಫ್ ಮೆಡಿಕಲ್‌ನವರು ಒಪ್ಪುತ್ತಾರೆ ಅಂತ ಮಾತು ಕೊಡಲಾರೆ. ಆದರೆ ಮುಂದೆ ಯಾವ ಆಪರೇಷನ್‌ಗೆ ಹೋದರೂ ಆ ಪತ್ರ ಬೇಕಾಗುತ್ತದೆ, ಅಲ್ಲೂ ಮೊದಲು ಮಾಡುವುದು ಆ್ಯಂಟಿಬಾಡಿ ಪರೀಕ್ಷೆಯೇ.

ಭಟ್ಕಳ ಟು ದುಬೈ

ಪತ್ರ ಮಾಡಿಸುತ್ತೇನೆ. ಸದ್ಯ ಅಣ್ಣನ ಅಂಗಡಿಯಲ್ಲಿ ಕೂತಿದ್ದೇನೆ.

ಬೇಲೇಕೇರಿ ಹುಡುಗ (ನವೆಂಬರ್ ಕೊನೆ)

ಇವತ್ತು ರಿಪೋರ್ಟ್ ಬಂತು. ಕೊನೆಯ ಮಾತ್ರೆ ಮುಗಿದು 12 ವಾರ ಆದ ಮೇಲೆ ಕೊಟ್ಟ ರಕ್ತ. ಟಾರ್ಗೆಟ್ ನಾಟ್ ಡಿಟೆಕ್ಟೆಡ್. ಪ್ಲೇಟ್‌ಲೆಟ್ 1,31,000. ಅಪ್ಪ ರಿಪೋರ್ಟನ್ನು ಆ ಮಾವನ ಮನೆಗೇ ತೆಗೆದುಕೊಂಡು ಹೋಗಿದ್ದಾರೆ.

ಎರಡು ಪ್ರಶ್ನೆ ಉಳಿದಿದೆ. ಹರ್ನಿಯಾ ಆಪರೇಷನ್ ಈಗ ಮಾಡಬಹುದಾ? ಮತ್ತೆ ಅಮ್ಮನಿಗೂ ತಂಗಿಗೂ ಪರೀಕ್ಷೆ ಬೇಕಾ?

ಕಾರವಾರ ಸಿಸ್ಟರ್

ತುಂಬಾ ಖುಷಿ ಆಯಿತು. ಅಮ್ಮನಿಗೂ ತಂಗಿಗೂ ಒಂದು ಸಲ ಆ್ಯಂಟಿಬಾಡಿ ಪರೀಕ್ಷೆ ಮಾಡಿಸಿ. ಗಂಡ ಹೆಂಡತಿ ನಡುವೆ ಹರಡುವುದು ಬಹಳ ಕಡಿಮೆ, ಆದರೂ ಒಂದೇ ಬ್ಲೇಡು ಬಳಸಿದ ವರ್ಷಗಳು ಇರುತ್ತವಲ್ಲ. ಅಪ್ಪನಿಗೂ ಹೇಳಿ, ಒಂದು ಸಲ ಗುಣವಾದರೆ ಮತ್ತೆ ಬರುವುದೇ ಇಲ್ಲ ಅಂತಲ್ಲ. ಸಿ ಗೆ ಲಸಿಕೆ ಇಲ್ಲ. ಬಿ ಗೆ ಇದೆ, ಅದನ್ನು ಹಾಕಿಸಿಕೊಳ್ಳಬಹುದಾ ಅಂತ ಕೇಳಿ.

ಹರ್ನಿಯಾಕ್ಕೆ ಸಿ ಯಾವತ್ತೂ ಅಡ್ಡಿ ಆಗಬೇಕಿರಲಿಲ್ಲ. ಎಲ್ಲ ರೋಗಿಗಳಿಗೂ ಒಂದೇ ಎಚ್ಚರಿಕೆಯಲ್ಲಿ ಆಪರೇಷನ್ ಮಾಡಬೇಕು ಅನ್ನುವುದೇ ನಿಯಮ. ಸಿರೋಸಿಸ್ ಇರುವುದು ಮಾತ್ರ ಸರ್ಜನ್‌ಗೂ ಅರಿವಳಿಕೆ ಡಾಕ್ಟರ್‌ಗೂ ಗೊತ್ತಿರಲೇಬೇಕು. ಫೈಬ್ರೋಸ್ಕ್ಯಾನ್ ರಿಪೋರ್ಟ್, ಇವತ್ತಿನ ರಿಪೋರ್ಟ್, ಗುಣವಾದ ಪತ್ರ ಮೂರನ್ನೂ ಒಂದೇ ಫೈಲಿಗೆ ಹಾಕಿ ತೆಗೆದುಕೊಂಡು ಹೋಗಿ.

ಕುಮಟಾ ಲ್ಯಾಬಿನವ

ಕಳೆದ ಅಲ್ಟ್ರಾಸೌಂಡ್ ಯಾವಾಗ ಆಯಿತು? ಜೂನಿನಲ್ಲಾದರೆ ಡಿಸೆಂಬರಿಗೆ ಮತ್ತೆ ಬಂತು ನೋಡಿ.

ಬೇಲೇಕೇರಿ ಹುಡುಗ

ಹೌದು, ಜೂನಿನಲ್ಲೇ. ಡಿಸೆಂಬರ್ ಎರಡನೇ ವಾರಕ್ಕೆ ಚೀಟಿ ಮಾಡಿಸಿದ್ದೇನೆ.